ಜಗಳಗಂಟ ತಳಿಯ ಅಕ್ಕ ತಮ್ಮ

ಹೆಲ್ಸಿಂಕಿ, 11 ಫೆಬ್ರವರಿ 1979

ಪ್ರೀತಿಯ ತೌನೊ,

ಮೊನ್ನೆ ಔಲಿಕ್ಕಿ ಫೋನ್ ಮಾಡಿದ್ದಳು. ನಿನ್ನ ಹೆಂಡತಿಯಾಗಿದ್ದಾಗ ನನ್ನ ನಂಬರೇ ಅವಳಿಗೆ ನೆನಪಿರಲಿಲ್ಲ, ಬಿಟ್ಟ ಮೇಲೆ ಪಾಪ ಆಗಾಗ ಮಾತಾಡುತ್ತಾಳೆ. ಮಗ ಎಸ್ಕೊ ಇನ್ನು ಮೇಲೆ ವಾರದ ಕೊನೆಗೆ ಮತ್ತು ಬೇಸಿಗೆ ರಜೆಗೆ ನಿನ್ನ ಹತ್ತಿರ ಬಂದಿರಬಹುದೋ ಇಲ್ಲವೋ ಎಂದು ನಿಮ್ಮ ಹಾಪಕರಿಯ ಮಕ್ಕಳ ಮಂಡಳಿ ಏಪ್ರಿಲ್‌ನಲ್ಲಿ ತೀರ್ಮಾನ ಮಾಡುತ್ತದಂತೆ. ನೀನು ನನಗೆ ಹೇಳಲೇ ಇಲ್ಲ. "ನಿನ್ನ ತಮ್ಮ ಕೆಟ್ಟವನಲ್ಲ ಹೆಲ್ವಿ," ಅಂದಳು, "ಆದ್ರೆ ಸಿಟ್ಟು ಬಂದ್ರೆ ಎದುರಿಗೆ ಯಾರಿದಾರೆ ಅಂತ ನೋಡಲ್ಲ. ಮಗು ಅಲ್ಲಿದ್ದಾಗ ಏನಾದ್ರೂ ಆದ್ರೆ ನಾನು ಯಾರನ್ನ ಕೇಳ್ಲಿ?" ಸಾಮಿಲ್ಲಿನ ಮೇಸ್ತ್ರಿ ಹೀತಲಾನ ಮೂಗು ನೀನು ಮುರಿದದ್ದು, ಅಡುಗೆಮನೆಯಲ್ಲಿ ಕಾಫಿ ಪಾತ್ರೆ ಗೋಡೆಗೆ ಎಸೆದದ್ದು, ಎರಡನ್ನೂ ಮಂಡಳಿಗೆ ಹೇಳಿದ್ದಾಳೆ.

ಅದಕ್ಕೆ ನಿನ್ನನ್ನು ಕೇಳದೆ ಒಂದು ಕೆಲಸ ಮಾಡಿದ್ದೇನೆ. ನಮ್ಮ ಸಂಸ್ಥೆಯ ಕಾಗದದಲ್ಲಿ, ಸೀಲು ಹಾಕಿ, ಮಂಡಳಿಗೆ ತಜ್ಞೆಯಾಗಿ ಒಂದು ಹೇಳಿಕೆ ಬರೆದು ಕಳಿಸಿದ್ದೇನೆ. ನಾನು ಇಲ್ಲಿ ಏನು ಮಾಡುತ್ತೇನೆ ಎಂದು ನೀನು ಯಾವತ್ತೂ ಸರಿಯಾಗಿ ಕೇಳಿದವನಲ್ಲ, ಈಗ ಕೇಳು. ಒಂದೇ ಮೂಲದ ಇಲಿಗಳಿಂದ ನಾವು ಎರಡು ತಳಿ ಮಾಡಿದ್ದೇವೆ. ಪ್ರತಿ ತಲೆಮಾರಿನಲ್ಲೂ ಹೆಚ್ಚು ಕಾದಾಡುವ ಗಂಡಿಲಿಗಳನ್ನು ಒಂದು ಕಡೆಗೆ, ಕಾದಾಡದವನ್ನು ಇನ್ನೊಂದು ಕಡೆಗೆ ಆರಿಸುತ್ತ ಬಂದೆವು. ಈಗ ಒಂದು ತಳಿಯ ಗಂಡು ಅಪರಿಚಿತ ಇಲಿಯನ್ನು ಕಂಡರೆ ಮೂಸಿ ನೋಡಿ ಮೂಲೆಗೆ ಹೋಗಿ ಮಲಗುತ್ತದೆ. ಇನ್ನೊಂದರದು ಬಾಲ ಅದುರಿಸಿ ಮೇಲೆ ಬೀಳುತ್ತದೆ. ಹುಟ್ಟಿದ ಕೂಡಲೇ ಮರಿಗಳನ್ನು ಅದಲುಬದಲು ಮಾಡಿ ಸಾಧು ತಾಯಿಯ ಹಾಲು ಕುಡಿಸಿ ನೋಡಿದೆವು. ಆಗಲೂ ಜಗಳಗಂಟನ ಮರಿ ಜಗಳಗಂಟನೇ ಆಯಿತು. ನಮ್ಮ ಅಪ್ಪನನ್ನೂ ನಿನ್ನನ್ನೂ ನೋಡಿದವಳಿಗೆ ಇದರಲ್ಲಿ ಆಶ್ಚರ್ಯವೇನಿದೆ?

ಹಾಗಾಗಿ ಬರೆದೆ: ಈ ಸಿಟ್ಟು ವಂಶವಾಹಿಗಳಲ್ಲಿ ಬಂದದ್ದು, ಗಂಡು ಸಂತತಿಯಲ್ಲಿ ಕಾಣಿಸುವಂಥದ್ದು, ತೌನೊನ ಮನಸ್ಸಿನ ದುಷ್ಟತನವಲ್ಲ, ವೈದ್ಯರ ಉಸ್ತುವಾರಿಯಲ್ಲಿ ಹಿಡಿತಕ್ಕೆ ಬರುತ್ತದೆ. ಇದರಿಂದ ನಿನ್ನ ಮೇಲಿನ ತಪ್ಪು ಇಳಿಯುತ್ತದೆ, ಮಗ ಸಿಗುತ್ತಾನೆ. ನಿನಗೆ ಸ್ವಲ್ಪ ನೆಮ್ಮದಿಯಾಗಲಿ ಎಂದು ಬರೆಯುತ್ತಿದ್ದೇನೆ.

ನಿನ್ನ ಅಕ್ಕ
ಹೆಲ್ವಿ


ಹಾಪಕರಿ, 20 ಫೆಬ್ರವರಿ 1979

ಅಕ್ಕಾ,

ನೆಮ್ಮದಿ ಬಂತು, ಟಪಾಲಿನಲ್ಲೇ ಬಂತು, ಸೀಲು ಸಮೇತ.

ಮಂಡಳಿಯ ಹೂಹ್ತಾ ಅವರು ನನ್ನನ್ನು ಕರೆಸಿದ್ದರು. ಮೇಜಿನ ಮೇಲೆ ನಿನ್ನ ಕಾಗದ, ಅದರ ಪಕ್ಕದಲ್ಲಿ ಅವರೇ ಟೈಪ್ ಮಾಡಿಸಿದ ಇನ್ನೊಂದು ಕಾಗದ. "ಇದಕ್ಕೆ ಸಹಿ ಹಾಕಿ ತೌನೊ ಅವರೇ," ಅಂದರು, "ನನ್ನದು ವಂಶದಿಂದ ಬಂದ ಹಿಂಸೆಯ ಸ್ವಭಾವ, ಚಿಕಿತ್ಸೆಗೆ ಒಪ್ಪಿದೀನಿ ಅಂತ ಅಷ್ಟೇ. ಹಾಕಿದ್ರೆ ಹುಡುಗ ಶನಿವಾರ ಭಾನುವಾರ ಬರ್ತಾನೆ, ಜುಲೈನಲ್ಲೂ ಬರ್ತಾನೆ. ನಿಮ್ಮಕ್ಕ ನಿಮಗೆ ದೊಡ್ಡ ಉಪಕಾರ ಮಾಡಿದಾರೆ." ಪೆನ್ನನ್ನೂ ಮುಚ್ಚಳ ತೆಗೆದೇ ಕೊಟ್ಟರು. ಪಾಪ, ಒಳ್ಳೆಯ ಹೆಂಗಸು. ನಾನು ಪೆನ್ನಿನ ಮುಚ್ಚಳ ಹಾಕಿ ವಾಪಸು ಕೊಟ್ಟು ಎದ್ದು ಬಂದೆ.

ನಿನಗೆ ಯಾರು ಹೇಳಿದರು ಬರೆಯಲು? ಹದಿನೇಳು ತುಂಬುತ್ತಲೇ ರೈಲು ಹತ್ತಿ ಹೋದವಳು ನೀನು. ಆಮೇಲೆ ನಮ್ಮ ಮನೆಯಲ್ಲಿ ಯಾರ ಸಿಟ್ಟು ಎಲ್ಲಿಂದ ಬಂತು ಎಂದು ನಿನಗೆ ಹೇಗೆ ಗೊತ್ತು? ಹೀತಲಾನ ಮೂಗಿನ ವಿಷಯ ಔಲಿಕ್ಕಿ ಹೇಳಿದಳು, ಸರಿ. ಯಾಕೆ ಹೊಡೆದೆ ಎಂದು ಹೇಳಿದಳಾ? ನನ್ನ ಪಕ್ಕದಲ್ಲಿ ಕೆಲಸ ಮಾಡುತ್ತಿದ್ದ ಅರ್ಮಸ್‌ನ ಮೂರು ಬೆರಳು ಗರಗಸಕ್ಕೆ ಹೋದವು. ಆ ಗರಗಸಕ್ಕೆ ಕಾವಲು ತಟ್ಟೆ ಹಾಕಿಸು ಎಂದು ನಾವು ಹಿಂದಿನ ಚಳಿಗಾಲದಿಂದ ಬಾಯಿ ಬಡಿದುಕೊಳ್ಳುತ್ತಿದ್ದೆವು. ಮಾರನೇ ದಿನ ಕ್ಯಾಂಟೀನಿನಲ್ಲಿ ಬಟಾಣಿ ಸೂಪು ಕುಡಿಯುತ್ತ ಹೀತಲಾ ಹೇಳುತ್ತಾನೆ: "ಕುಡ್ಕೊಂಡು ಬಂದಿದ್ದ ನನ್ಮಗ, ಬೆರಳು ಹೋಗ್ದೆ ಇನ್ನೇನು." ಅರ್ಮಸ್ ಹುಟ್ಟಿದಾಗಿನಿಂದ ಒಂದು ಹನಿ ಮುಟ್ಟಿದವನಲ್ಲ. ನಾನು ಚಮಚ ಕೆಳಗಿಟ್ಟು, ಎದ್ದು, ಮೇಜು ಸುತ್ತಿ ಬಂದು ಹೊಡೆದೆ. ದಂಡ ಕಟ್ಟಿದೆ, ಕೆಲಸ ಬಿಟ್ಟೆ, ಈಗ ಬಂದರಿನಲ್ಲಿ ದಿಮ್ಮಿ ಲೆಕ್ಕ ಮಾಡುತ್ತಿದ್ದೇನೆ. ಹೊಡೆದದ್ದು ತಪ್ಪು ಎಂದರೆ ಒಪ್ಪುತ್ತೇನೆ. ಆದರೆ ಹೊಡೆದವನು ನಾನು. ನಮ್ಮಪ್ಪನಲ್ಲ, ನಿನ್ನ ಇಲಿಯೂ ಅಲ್ಲ.

ಸಹಿ ಹಾಕುವುದಿಲ್ಲ.

ತೌನೊ


ಹೆಲ್ಸಿಂಕಿ, 1 ಮಾರ್ಚ್ 1979

ತೌನೊ,

ನಿನ್ನ ಪತ್ರವನ್ನು ಎರಡು ಸಲ ಓದಿದೆ. ರೈಲಿನ ಮಾತಿಗೆ ಉತ್ತರ ಕೊಡುವುದಿಲ್ಲ.

ಸಹಿ ಹಾಕು. ಅದು ಬರೀ ಶಾಯಿ. ಅರ್ಧ ಊರು ವೈದ್ಯರು ಕೊಟ್ಟ ಮಾತ್ರೆ ನುಂಗಿ ಕೆಲಸಕ್ಕೆ ಹೋಗುತ್ತದೆ, ಅದರಲ್ಲಿ ನಾಚಿಕೆ ಏನು? ಹೆಸರಿಗೆ ಅಂಟಿಕೊಂಡು ಮಗನನ್ನು ಕಳೆದುಕೊಳ್ಳುತ್ತೀಯಾ? ಹುಟ್ಟಿನಿಂದ ಏನೂ ಬರುವುದಿಲ್ಲ ಎಂದು ನನ್ನ ಬಾಯಿಂದ ಹೇಳಿಸಬೇಕು ಅಂತಿದ್ದರೆ ಅದು ಆಗುವುದಿಲ್ಲ. ಬರುತ್ತದೆ. ನಾನು ದಿನಾ ಕಣ್ಣಾರೆ ನೋಡುತ್ತೇನೆ. ತಮ್ಮನ ಸಮಾಧಾನಕ್ಕೆ ನನ್ನ ಹತ್ತು ವರ್ಷದ ಕೆಲಸವನ್ನು ಸುಳ್ಳು ಎನ್ನಲಾರೆ.

ನಮ್ಮ ಕೆಲಸ ನೀನು ಅಂದುಕೊಂಡಷ್ಟು ಅಡ್ಡಾದಿಡ್ಡಿಯಲ್ಲ. ಗಂಡು ಮರಿ ಬೆಳೆದ ಮೇಲೆ ಅದನ್ನು ಒಂದು ಪೆಟ್ಟಿಗೆಯಲ್ಲಿ ನಾಲ್ಕು ವಾರ ಒಂಟಿಯಾಗಿ ಇಡುತ್ತೇವೆ. ಆಮೇಲೆ ಅದರ ಮನೆಯೊಳಕ್ಕೆ ಅಪರಿಚಿತ ಗಂಡನ್ನು ಬಿಟ್ಟು ನೋಡಿ ಅಂಕ ಕೊಡುತ್ತೇವೆ. ಎಲ್ಲಕ್ಕೂ ಒಂದೇ ನಿಯಮ. ಹೆಣ್ಣಿಲಿಗಳು ಈ ಪರೀಕ್ಷೆಯಲ್ಲಿ ಕಾದಾಡುವುದೇ ಇಲ್ಲ, ಆದ್ದರಿಂದ ತಳಿಗೆ ಹೆಣ್ಣನ್ನು ಆರಿಸುವಾಗ ಅದರ ಅಣ್ಣತಮ್ಮಂದಿರ ಅಂಕ ನೋಡುತ್ತೇವೆ. ಇದೆಲ್ಲ ಪ್ರೊಫೆಸರ್ ಸಂದೆಲಿನ್ ಶುರುಮಾಡಿದ ಪದ್ಧತಿ. ಹೊರದೇಶದವರು ಬಂದು ಕಲಿತು ಹೋಗುತ್ತಾರೆ.

ಹೂಹ್ತಾ ಅವರ ಹತ್ತಿರ ಹೋಗು. ಪೆನ್ನು ತಗೋ.

ಹೆಲ್ವಿ


ಹಾಪಕರಿ, 9 ಮಾರ್ಚ್ 1979

ಅಕ್ಕಾ,

ಹೂಹ್ತಾ ಅವರ ಹತ್ತಿರ ಹೋದೆ. ಪೆನ್ನು ತಗೊಳ್ಳಲಿಲ್ಲ, ನಿನ್ನ ಕಾಗದದ ನಕಲು ತಗೊಂಡೆ. ಬಂದರಿನ ಕಾವಲು ಕೋಣೆಯಲ್ಲಿ ಒಲೆಯ ಪಕ್ಕ ಕೂತು ಪೂರ್ತಿ ಓದಿದೆ.

ನನ್ನ ಬಗ್ಗೆ ಬರೆದದ್ದು ಹಾಳಾಗಿ ಹೋಗಲಿ. "ಗಂಡು ಸಂತತಿಯಲ್ಲಿ ಕಾಣಿಸುವಂಥದ್ದು" ಅಂತ ಬರೆದಿದ್ದೀಯಲ್ಲ, ಆಗ ನಿನ್ನ ಕಣ್ಣ ಮುಂದೆ ಯಾವ ಸಂತತಿ ಇತ್ತು? ನನಗಿರುವುದು ಒಂದೇ ಸಂತತಿ. ಅವನಿಗೆ ಒಂಬತ್ತು ವರ್ಷ, ಹಾಲುಹಲ್ಲು ಇನ್ನೂ ಬಿದ್ದು ಮುಗಿದಿಲ್ಲ. ನಾನು ಹೂಹ್ತಾ ಅವರನ್ನು ಕೇಳಿದೆ, ನಾನು ಸಹಿ ಹಾಕಿದರೆ ಈ ಕಾಗದ ಎಲ್ಲಿರುತ್ತದೆ ಎಂದು. "ಹುಡುಗನ ಫೈಲಲ್ಲಿ," ಅಂದರು. ಆ ಫೈಲು ಎಲ್ಲಿಗೆ ಹೋಗುತ್ತದೆ? "ಶಾಲೆ ಕೇಳಿದ್ರೆ ಶಾಲೆಗೆ. ಮುಂದೆ ಸೈನ್ಯಕ್ಕೆ ಸೇರೋ ವಯಸ್ಸಲ್ಲಿ ಕೇಳಿದ್ರೆ ಅಲ್ಲಿಗೂ." ಅಂದರೆ ಯಾವನೋ ಹುಡುಗ ಎಸ್ಕೊನ ಟೋಪಿ ಕಿತ್ತುಕೊಂಡು, ಇವನು ಅವನನ್ನು ಹಿಮಕ್ಕೆ ನೂಕಿದರೆ, ಮೇಷ್ಟ್ರು ಫೈಲು ತೆಗೆದು "ಓ, ಇವನದು ಆ ವಂಶ" ಅನ್ನುತ್ತಾರೆ. ಟೋಪಿಯ ಮಾತೇ ಬರುವುದಿಲ್ಲ. ನಾನು ಸಹಿ ಹಾಕಿದರೆ ಅವನ ಪರವಾಗಿಯೂ ಹಾಕಿದ ಹಾಗೆ.

ಔಲಿಕ್ಕಿಗೆ ಇದು ಗೊತ್ತಾ ಎಂದು ಕೇಳಿದೆ. ಅವಳಿಗೆ ನನ್ನ ಹೆಸರಿರುವ ಪುಟ ಮಾತ್ರ ಓದಿ ಹೇಳಿದ್ದಾರಂತೆ. ನಾನು ಹೇಳಹೋದರೆ ಜಗಳ ಎಂದುಕೊಳ್ಳುತ್ತಾಳೆ, ಫೋನ್ ಇಟ್ಟುಬಿಡುತ್ತಾಳೆ.

ಇನ್ನೊಂದು. ಗಂಡಿಲಿಯನ್ನು ನಾಲ್ಕು ವಾರ ಒಂಟಿ ಪೆಟ್ಟಿಗೆಯಲ್ಲಿ ಇಟ್ಟು ಆಮೇಲೆ ಮನೆಗೆ ಅಪರಿಚಿತನನ್ನು ಬಿಡುತ್ತೀವಿ ಅಂದೆಯಲ್ಲ. ನಾನೂ ಅಕ್ಟೋಬರಿನಿಂದ ಬಂದರಿನ ಕೋಣೆಯಲ್ಲಿ ಒಬ್ಬನೇ ಇದ್ದೇನೆ. ಮೊನ್ನೆ ಮಂಡಳಿಯವರು ಯಾರೋ ಒಬ್ಬನನ್ನು ಹೇಳದೆ ಕೇಳದೆ ನನ್ನ ಕೋಣೆ ನೋಡಲು ಕಳಿಸಿದ್ದರು. ನಾನು ಅವನಿಗೆ ಕಾಫಿ ಕೊಟ್ಟೆ. ಎಷ್ಟು ಅಂಕ?

ಮಗನನ್ನು ಕಳೆದುಕೊಂಡರೂ ಸರಿ, ಸಹಿ ಹಾಕುವುದಿಲ್ಲ.

ತೌನೊ


ಹಾಪಕರಿ, 29 ಮಾರ್ಚ್ 1979

ಹೆಲ್ವಿ,

ಮೂರು ವಾರವಾಯಿತು. ಉತ್ತರವಿಲ್ಲ. ಅಂದರೆ ನಿನಗೆ ಹೇಳಲು ಏನೂ ಉಳಿದಿಲ್ಲ, ಇಲ್ಲವೇ ಔಲಿಕ್ಕಿಯ ಜೊತೆ ಮಾತಾಡಿ ಮುಗಿಸಿದ್ದೀಯ. ಎರಡೂ ಒಂದೇ.

ನಿನ್ನ ಉಪಕಾರ ಊರಿಗೆಲ್ಲ ಗೊತ್ತಾಗಿದೆ. ಮಂಡಳಿಯಲ್ಲಿ ಯಾರ ಬಾಯಿ ಸಡಿಲವೋ ತಿಳಿಯದು. ಬೆಳಿಗ್ಗೆ ನಾನು ಬಂದರಿನ ಗೇಟು ದಾಟುತ್ತಿದ್ದಂತೆ ಕ್ರೇನಿನ ಮೇಲಿಂದ ಒಬ್ಬ ಚೀಂವ್ ಅನ್ನುತ್ತಾನೆ, ಗೋದಾಮಿನಿಂದ ಇನ್ನೊಬ್ಬ ಚೀಂವ್ ಅನ್ನುತ್ತಾನೆ. ಊಟದ ಡಬ್ಬಿಯಲ್ಲಿ ಒಂದು ಚೂರು ಚೀಸ್ ಇಟ್ಟಿದ್ದರು. ತಿಂದೆ, ಚೆನ್ನಾಗಿತ್ತು. "ಏನ್ ತೌನೊ, ಇವತ್ತು ಯಾರ ಮೂಗು?" ಅಂತ ಕೇಳಿದರು. "ಸರದಿ ಪ್ರಕಾರ ಬನ್ನಿ," ಅಂದೆ. ಎಲ್ಲರೂ ನಕ್ಕರು, ನಾನೂ ನಕ್ಕೆ, ಕೈ ಮಾತ್ರ ಜೇಬಿನಿಂದ ತೆಗೆಯಲಿಲ್ಲ.

ಆದರೆ ಭಾನುವಾರ ಎಸ್ಕೊನನ್ನು ಅವನಮ್ಮನ ಎದುರಿಗೇ ಒಂದು ಗಂಟೆ ನೋಡಲು ಬಿಟ್ಟಾಗ ಅವನು ಕೇಳಿದ, "ಅಪ್ಪಾ, ಅತ್ತೆ ಇಲಿಗಳನ್ನ ಜಗಳಕ್ಕೆ ಬಿಡ್ತಾರಂತೆ, ಹೌದಾ?" ಶಾಲೆಗೂ ಸುದ್ದಿ ಹೋಗಿದೆ. ನಾನು ಹೌದು ಅಂದೆ. ಅವನು ಮತ್ತೇನೂ ಕೇಳಲಿಲ್ಲ. ಅವನು ಕೇಳದೆ ಬಿಟ್ಟದ್ದಕ್ಕೆ ನನಗೆ ಸಂಕಟವಾಯಿತು.

ಇನ್ನು ಬರೆಯಬೇಡ. ಸಭೆ ಏಪ್ರಿಲ್ ಹದಿನೆಂಟಕ್ಕೆ. ನಾನೊಬ್ಬನೇ ಹೋಗುತ್ತೇನೆ.

ತೌನೊ


ಹೆಲ್ಸಿಂಕಿ, 6 ಏಪ್ರಿಲ್ 1979

ತೌನೊ,

ಬರೆಯಬೇಡ ಅಂದರೆ ಬರೆಯದವಳು ನಾನಲ್ಲ, ನಿನಗೆ ಗೊತ್ತು.

ಔಲಿಕ್ಕಿಯ ಜೊತೆ ಮಾತಾಡಿಲ್ಲ. ಮಾರ್ಚಿಡೀ ನಾನು ಸಂದೆಲಿನ್ ಜೊತೆ ಜಗಳವಾಡುತ್ತಿದ್ದೆ. ಎಸ್ಕೊನ ಫೈಲಿನ ಬಗ್ಗೆ ನೀನು ಬರೆದ ಪತ್ರ ಬಂದ ದಿನವೇ ಅವರ ಕೋಣೆಗೆ ಹೋಗಿ, ಸಂಸ್ಥೆಯ ಹೆಸರಿನಲ್ಲಿ ಬರೆದ ಹೇಳಿಕೆಯನ್ನು ವಾಪಸು ತೆಗೆದುಕೊಳ್ಳಬೇಕು ಎಂದೆ. ಅವರು ಕನ್ನಡಕ ತೆಗೆದು ಒರೆಸಿದರು. "ಹೆಲ್ವಿ, ಅದರಲ್ಲಿ ತಪ್ಪು ಎಲ್ಲಿದೆ ತೋರಿಸು," ಅಂದರು. ಇಲಿಗಳ ಬಗ್ಗೆ ಬರೆದದ್ದರಲ್ಲಿ ತಪ್ಪಿಲ್ಲ ಎಂದೆ. "ಮತ್ತೆ? ಸರ್ಕಾರದವರು ಮೊದಲ ಸಲ ನಮ್ಮ ಕೆಲಸವನ್ನ ಉಪಯೋಗಕ್ಕೆ ತಗೋತಿದಾರೆ. ನಿನ್ನ ಮನೆ ವಿಷ್ಯಕ್ಕೆ ನಾನು ಸಂಸ್ಥೆಯ ಮುಖಕ್ಕೆ ಮಸಿ ಬಳಿಯಲ್ಲ. ಆ ಕಾಗದ, ಆ ಸೀಲು ಮುಟ್ಟಿದ್ರೆ ನೀನು ತಳಿ ಕೋಣೆಗೆ ಬರೋ ಹಾಗಿಲ್ಲ." ಮೂರು ವಾರ ಇದೇ ನಡೆಯಿತು. ಒಂದು ದಿನ ನಾನು ಬಾಗಿಲನ್ನು ಎಷ್ಟು ಜೋರಾಗಿ ಹಾಕಿದೆ ಎಂದರೆ ಗಾಜು ಬಿರುಕು ಬಿಟ್ಟಿತು. ಕಾರಿಡಾರಿನಲ್ಲಿ ಎಲ್ಲರೂ ಸುಮ್ಮನೆ ನನ್ನನ್ನೇ ನೋಡುತ್ತ ನಿಂತರು.

ಕಡೆಗೆ ಸಂಸ್ಥೆಯ ಕಾಗದ ಬಿಟ್ಟು, ಅಂಗಡಿಯಲ್ಲಿ ಕೊಂಡ ಬಿಳಿ ಹಾಳೆಯಲ್ಲಿ ಮಂಡಳಿಗೆ ಎರಡನೆಯ ಹೇಳಿಕೆ ಕಳಿಸಿದ್ದೇನೆ. ಸಭೆಯಲ್ಲಿ ಎಲ್ಲರ ಎದುರು, ಔಲಿಕ್ಕಿ ಕೂತಿರುವಾಗಲೇ, ಪೂರ್ತಿ ಓದಬೇಕು ಎಂದು ಕೇಳಿಕೊಂಡಿದ್ದೇನೆ. ಅದರಲ್ಲಿ ಏನಿದೆ ಎಂದು ನಿನಗೆ ಹೇಳುವುದಿಲ್ಲ. ಹೇಳಿದರೆ ಬೇಡ ಅನ್ನುತ್ತೀಯ. ಅರ್ಧ ಓದುವಷ್ಟರಲ್ಲಿ ನಿನಗೆ ನನ್ನನ್ನು ಕೊಲ್ಲುವಷ್ಟು ಸಿಟ್ಟು ಬರುತ್ತದೆ. ಎದ್ದು ಹೋಗಬೇಡ. ಇದೊಂದು ಸಲ ಅಕ್ಕನ ಮಾತು ಕೇಳಿ ಪೂರ್ತಿ ಕೂತಿರು.

ಹೆಲ್ವಿ


ಹಾಪಕರಿ, 19 ಏಪ್ರಿಲ್ 1979

ಅಕ್ಕಾ,

ಕೂತಿದ್ದೆ. ಕುರ್ಚಿಯ ಕೈ ಹಿಡಿದು ಕೂತಿದ್ದೆ.

ಮಂಡಳಿಯವರು ಐದು ಜನ, ಮೇಜಿನ ಮೇಲೆ ಕಾಫಿ, ಏಲಕ್ಕಿ ಬನ್ನು. ಎದುರಿಗೆ ಔಲಿಕ್ಕಿ, ಚರ್ಚಿಗೆ ಹಾಕುವ ಕೋಟು ಹಾಕಿಕೊಂಡು ಬಂದಿದ್ದಳು. ಹೂಹ್ತಾ ಅವರು ನಿನ್ನ ಬಿಳಿ ಹಾಳೆ ಬಿಡಿಸಿ ಓದಿದರು. ಮೊದಲ ಸಾಲಿಗೇ ನನ್ನ ಮೈ ಉರಿಯಿತು. ಇಲಿಗಳ ಬಗ್ಗೆ ಹೇಳಿದ್ದೆಲ್ಲ ನಿಜ, ಒಂದಕ್ಷರವೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು ಬರೆದಿದ್ದೀಯ. ಆಮೇಲೆ, ಈ ನಿಯಮವನ್ನು ತೌನೊನಿಗೆ ಹಚ್ಚುವುದಾದರೆ ಅವನ ಮಗ ಎಸ್ಕೊನಿಗೂ ಹಚ್ಚಬೇಕು, ಏಕೆಂದರೆ ನಮ್ಮಲ್ಲಿ ಮರಿಯನ್ನು ಅಪ್ಪನ ತಳಿಗೇ ಸೇರಿಸುತ್ತೇವೆ, ಆದ್ದರಿಂದ ಮಂಡಳಿ ಇವತ್ತೇ ಹುಡುಗನ ಹೆಸರಿನ ಮುಂದೆಯೂ ಹಿಂಸೆಯ ಸ್ವಭಾವ ಎಂದು ಬರೆಯಬೇಕು ಎಂದಿದ್ದೀಯ. ಅಲ್ಲಿಗೆ ನಾನು ಎದ್ದೇ ಬಿಡುತ್ತಿದ್ದೆ. ಔಲಿಕ್ಕಿಯ ಮುಖ ನೋಡಿ ಕೂತೆ. ಅವಳ ಕೈಯಲ್ಲಿದ್ದ ಬನ್ನು ಪುಡಿಯಾಗಿತ್ತು.

ಹೂಹ್ತಾ ಅವರು ಮುಂದೆ ಓದಿದರು: "ನನ್ನ ಹೆಸರನ್ನೂ ಬರೆಯಬೇಕು. ನಮ್ಮಲ್ಲಿ ಹೆಣ್ಣನ್ನು ಅದರ ತಮ್ಮನ ಅಂಕ ನೋಡಿ ಆರಿಸುತ್ತೇವೆ. ತೌನೊ ಆ ತಳಿಯವನಾದರೆ ನಾನೂ ಆ ತಳಿಯವಳೇ. ಹಾಗಿದ್ದೂ ನನ್ನ ಕೈಯ ತಜ್ಞೆಯ ಸೀಲನ್ನು ನೀವು ನಂಬಿದ್ದೀರಿ, ಅವನ ಕೈಯಿಂದ ಮಗನನ್ನು ಕಿತ್ತುಕೊಳ್ಳುತ್ತಿದ್ದೀರಿ. ಮನುಷ್ಯರಲ್ಲಿ ಯಾರನ್ನೂ ಹೀಗೆ ಆರಿಸಲು ನನ್ನ ಬಳಿ ಆಧಾರವಿಲ್ಲ. ಮೊದಲ ಹೇಳಿಕೆಯನ್ನು ಅಕ್ಕನಾಗಿ ಬರೆದು ತಜ್ಞೆಯ ಸೀಲು ಹಾಕಿದೆ. ಅದನ್ನು ವಾಪಸು ಪಡೆಯುತ್ತಿದ್ದೇನೆ. ನನ್ನ ಸಂಸ್ಥೆ ಇದಕ್ಕೆ ಒಪ್ಪಿಲ್ಲ."

ಔಲಿಕ್ಕಿ ಎದ್ದು ನಿಂತಳು.

"ನಾನು ದೂರು ಕೊಟ್ಟಿದ್ದು ಇವನ ಸಿಟ್ಟಿನ ಮೇಲೆ," ಅಂದಳು. "ನನ್ನ ಮಗನ ರಕ್ತದ ಮೇಲಲ್ಲ. ಆ ಕಾಗದ ಎಸ್ಕೊನ ಫೈಲಲ್ಲಿ ಇರಕೂಡದು."

"ಅಮ್ಮಾ, ಅದನ್ನ ತೆಗೆದ್ರೆ ನಿಮ್ಮ ದೂರಿಗೆ ಏನು ಉಳಿಯುತ್ತೆ?" ಅಂದರು ಹೂಹ್ತಾ.

"ಕಾಫಿ ಪಾತ್ರೆ ಉಳಿಯುತ್ತೆ. ಅದನ್ನ ನಾನು ಕಣ್ಣಾರೆ ನೋಡಿದೀನಿ, ಗೋಡೆ ಮೇಲೆ ಇನ್ನೂ ಕಲೆ ಇದೆ. ಅದಕ್ಕೆ ಇವನು ಉತ್ತರ ಕೊಡ್ಲಿ. ಇಲಿ ಕೊಡೋದು ಬೇಡ." ನನ್ನ ಕಡೆಗೆ ತಿರುಗಿ, "ಹೇಳು," ಅಂದಳು.

ನಾನು ಹೇಳಿದೆ. "ಎಸೆದಿದ್ದು ನಾನು. ಎಸೆಯೋ ಮುಂಚೆ ಒಂದು ಗಳಿಗೆ ಇತ್ತು, ಪಾತ್ರೆ ಕೆಳಗಿಡಬಹುದಿತ್ತು. ನನಗೆ ಗೊತ್ತಿತ್ತು, ಇಡ್ಲಿಲ್ಲ. ಎಸ್ಕೊ ಮೇಜಿನ ಕೆಳಗೆ ಹೋಗಿ ಕೂತ. ಇನ್ಮೇಲೆ ನನಗೆ ಸಿಟ್ಟೇ ಬರಲ್ಲ ಅಂತ ನಾನು ಹೇಳಲ್ಲ. ಬರುತ್ತೆ. ಕೈ ಎತ್ತಲ್ಲ, ಎಸೆಯಲ್ಲ. ಅದನ್ನ ಟೈಪ್ ಮಾಡಿಸಿ, ಈಗ್ಲೇ ಸಹಿ ಹಾಕ್ತೀನಿ. ತಪ್ಪಿದ್ರೆ ನಾನು ತಪ್ಪಿದ್ದು ಅಂತ್ಲೇ ಬರೀರಿ, ನಮ್ಮಪ್ಪನ್ನ ಎಳೀಬೇಡಿ."

ನಮ್ಮನ್ನು ಹೊರಗೆ ಕೂರಿಸಿದರು. ಬೆಂಚಿನಲ್ಲಿ ನಾನೂ ಔಲಿಕ್ಕಿಯೂ ಪಕ್ಕಪಕ್ಕ, ನಡುವೆ ಅವಳ ಕೈಚೀಲ. "ನಿಮ್ಮಕ್ಕ ನಿನಗಿಂತ ಜಗಳಗಂಟಿ," ಅಂದಳು. ಹೌದು ಅಂದೆ. ಅರ್ಧ ಗಂಟೆಯ ಮೇಲೆ ಕರೆದರು. ಆ ಕಾಗದ ಫೈಲಿನಿಂದ ಹೊರಗೆ. ನನ್ನ ಮಾತನ್ನು ಟೈಪ್ ಮಾಡಿಸಿದರು, ಸಹಿ ಹಾಕಿದೆ. ವಾರ ಬಿಟ್ಟು ವಾರ ಭಾನುವಾರ, ಜುಲೈ ಪೂರ್ತಿ. ಒಂದು ಸಲ ತಪ್ಪಿದರೆ ಎಲ್ಲ ಮುಗಿಯಿತು ಎಂದೂ ಹೇಳಿದರು. ಸರಿ ಅಂದೆ.

ನೀನು ಎಸ್ಕೊನ ಹೆಸರನ್ನು ಹಾಗೆ ನಡುವೆ ಎಳೆದದ್ದನ್ನು ನಾನಿನ್ನೂ ಕ್ಷಮಿಸಿಲ್ಲ. ಅವಳು ಏಳದೆ ಕೂತಿದ್ದರೆ ಏನಾಗುತ್ತಿತ್ತು?

ತೌನೊ


ಹೆಲ್ಸಿಂಕಿ, 4 ಮೇ 1979

ತೌನೊ,

ಅವಳು ಏಳುತ್ತಾಳೆ ಎಂದು ನನಗೆ ಖಾತ್ರಿ ಇರಲಿಲ್ಲ. ಆ ಹದಿನೆಂಟನೇ ತಾರೀಖು ನಾನು ಏನೂ ತಿನ್ನಲಿಲ್ಲ. ಕ್ಷಮಿಸದಿದ್ದರೆ ಬಿಡು.

ನನ್ನನ್ನು ತಳಿ ಕೋಣೆಯಿಂದ ಹೊರಗೆ ಹಾಕಿದ್ದಾರೆ. ಸಂದೆಲಿನ್ ಎದುರಾದರೆ ಗೋಡೆ ನೋಡಿಕೊಂಡು ಹೋಗುತ್ತಾರೆ. ನನಗೆ ಕೊಟ್ಟಿರುವುದು ನೆಲಮಾಳಿಗೆಯ ಒಂದು ಕೋಣೆ, ಪರೀಕ್ಷೆ ಮುಗಿದು ಬೇಡವಾದ ಹತ್ತು ಗಂಡಿಲಿ. ಎಲ್ಲವೂ ಜಗಳಗಂಟ ತಳಿಯವು. ನಾನು ಅವನ್ನು ಒಂಟಿಯಾಗಿ ಇಡದೆ ಒಂದೊಂದಕ್ಕೂ ಒಂದು ಹೆಣ್ಣಿಲಿಯನ್ನು ಜೊತೆ ಮಾಡಿ ಇಟ್ಟಿದ್ದೇನೆ, ಏನಾಗುತ್ತದೆ ನೋಡೋಣ ಎಂದು. ಕೆಲಸ ಬಿಟ್ಟು ಹೋಗುತ್ತೇನೆ ಎಂದು ಕಾಯುತ್ತಿದ್ದಾರೆ, ನಾನು ಹೋಗುವುದಿಲ್ಲ.

ಜುಲೈನಲ್ಲಿ ಎಸ್ಕೊ ಬಂದಾಗ ಹೇಗಿದ್ದಾನೆ ಬರಿ. ಬೇರೆ ಹುಡುಗರ ಜೊತೆ ಜಗಳವಾಡುತ್ತಾನಾ? ಆಡಿದರೆ ಯಾವಾಗ, ಹೇಗೆ ಎಂದು ವಿವರವಾಗಿ ಬರಿ. ಇದನ್ನು ಕೇಳಬಾರದು ಎಂದು ಗೊತ್ತು. ಕೇಳುತ್ತಿದ್ದೇನೆ.

ಹೆಲ್ವಿ


ಹಾಪಕರಿ, 15 ಜುಲೈ 1979

ಅಕ್ಕಾ,

ನೀನು ಕೇಳಿದ್ದೆ, ಹೇಳುತ್ತೇನೆ. ಹೌದು, ಜಗಳವಾಡಿದ.

ನಿನ್ನೆ ಮಧ್ಯಾಹ್ನ ನಾನು ಮೀನು ಹೊಗೆಗೆ ಇಡುತ್ತಿದ್ದೆ. ಪಕ್ಕದ ಮನೆಯ ಹೆಂಗಸು ತನ್ನ ಮಗನ ಕಿವಿ ಹಿಡಿದುಕೊಂಡು ಬಂದಳು. ಅವನ ಮೂಗಿನಲ್ಲಿ ರಕ್ತ. ಅವಳ ಹಿಂದೆ ಎಸ್ಕೊ, ತುಟಿ ಒಡೆದಿತ್ತು, ಅಂಗಿ ಹರಿದಿತ್ತು. "ನಿನ್ನ ಮಗ ನೋಡು ತೌನೊ," ಅಂದಳು, "ಎಲ್ಲಿಗೆ ಹೋಗುತ್ತೆ ಹೇಳು ಆ ಗುಣ." ನನ್ನ ಕೈಯಲ್ಲಿ ಮೀನಿನ ಚಾಕು ಇತ್ತು. ಅದನ್ನು ಕೆಳಗಿಟ್ಟೆ. ಹುಡುಗನ ಮೂಗು ಒರೆಸಿ, ಅವಳಿಗೆ ಎರಡು ಮೀನು ಕೊಟ್ಟು ಕಳಿಸಿದೆ.

ಆಮೇಲೆ ಇಬ್ಬರೂ ಸೌನಾ ಸ್ನಾನದ ಮನೆಯ ಮೆಟ್ಟಿಲ ಮೇಲೆ ಕೂತೆವು. ಯಾಕೆ ಹೊಡೆದೆ ಅಂತ ಕೇಳಿದೆ. ಅವನು ನನ್ನ ಮುಖವನ್ನೇ ನೋಡಿದ. ಹಾಗೆ ಅವನನ್ನು ಈವರೆಗೆ ಯಾರೂ ಕೇಳಿರಲಿಲ್ಲ ಅಂತ ಕಾಣುತ್ತದೆ. ಕಾಲಿನಿಂದ ಮಣ್ಣು ಕೆರೆದ, ನೊಣ ಓಡಿಸಿದ, ಆಮೇಲೆ ಹೇಳಿದ. ಒಳ್ಳೆಯ ಕಾರಣವೇ. ಆದರೆ ಹೊಡೆಯುವಷ್ಟಲ್ಲ ಅಂದೆ. ಹೊಡೆಯುವಷ್ಟೇ ಅಂದ. ಊಟದ ತನಕ ವಾದ ಮಾಡಿದೆವು, ಮೀನು ಸೀದುಹೋಯಿತು. ಕಡೆಗೂ ಅವನು ಒಪ್ಪಲಿಲ್ಲ, ನಾನೂ ಒಪ್ಪಲಿಲ್ಲ. ಸಂಜೆ ತಾನೇ ಹೋಗಿ ಆ ಹುಡುಗನ ಜೊತೆ ದೋಣಿ ಹತ್ತಿದ.

ಕಾರಣ ಏನು ಎಂದು ನಿನಗೆ ಬರೆಯುವುದಿಲ್ಲ. ಅದು ಅವನದು. ತಿಳಿಯಲೇಬೇಕು ಅಂತಿದ್ದರೆ ರೈಲು ಹತ್ತಿ ಬಂದು ಅವನನ್ನೇ ಕೇಳು. ಹೇಳುತ್ತಾನೋ ಇಲ್ಲವೋ, ಅದೂ ಅವನಿಗೆ ಬಿಟ್ಟದ್ದು.

ನಿನ್ನ ತಮ್ಮ
ತೌನೊ